ಬೇರು ಹಾವೇ ಏಕಾಗುತ್ತದೆ? ಕಾಡುದಾರಿಯ ಭಯ ಮತ್ತು ಕಾಣ್ಕೆ ಕುರಿತು ಒಂದು ಟಿಪ್ಪಣಿ

ಕತ್ತಲಲ್ಲಿ ಬಿದ್ದ ಹಗ್ಗ ಹಾವಾಗಿಯೂ ತೋರಬಹುದು, ನೀರಿನ ಧಾರೆಯಾಗಿಯೂ ತೋರಬಹುದು ಎಂದು ಗೌಡಪಾದರು ಮಾಂಡೂಕ್ಯ ಕಾರಿಕೆಯ ಎರಡನೆಯ ಪ್ರಕರಣದಲ್ಲಿ ಹೇಳುತ್ತಾರೆ. ಲೋಕರೂಢಿಯಲ್ಲಿ ಧಾರೆ ಮರೆಯಾಯಿತು, ಹಾವು ಉಳಿಯಿತು. ವೇದಾಂತಿಗೆ ಇದರಿಂದ ಬಾಧಕವಿಲ್ಲ. ಭ್ರಮೆ ಯಾವುದಾದರೂ ಭ್ರಮೆಯೇ. ಆದರೆ ಪಶ್ಚಿಮಘಟ್ಟದ ಕಾಡಿನಲ್ಲಿ ಹೊತ್ತು ಮುಳುಗಿದ ಮೇಲೆ ಇಳಿಯುವ ಚಾರಣಿಗರ ಅನುಭವವನ್ನು ವಿವರಿಸಹೊರಟವರಿಗೆ ಆ ಆಯ್ಕೆಯೇ ಮುಖ್ಯ. ದೃಷ್ಟಾಂತದಲ್ಲಿ ಮೊದಲು ಹಾವು, ಆಮೇಲೆ ನಡುಕ. ಕಾಡಿನಲ್ಲಿ ನಡುಕ ಮೊದಲೇ ಬಂದಿರುತ್ತದೆ. ದಾರಿಗಡ್ಡವಾದ ಬೇರನ್ನು ಹಾವಾಗಿಸುವುದು ಅದೇ.

ಭಯ ಕಣ್ಣನ್ನು ಚುರುಕಾಗಿಸುತ್ತದೆ ಎಂಬ ಮಾತು ಅರ್ಧ ನಿಜ. ಆರ್ನೆ ಓಮನ್ ಮತ್ತು ಸಂಗಡಿಗರ 2001ರ ಪ್ರಯೋಗದಲ್ಲಿ ಹೂವು, ಅಣಬೆಗಳ ಚಿತ್ರಗಳ ನಡುವೆ ಅಡಗಿದ ಹಾವು-ಜೇಡಗಳನ್ನು ಜನ ಬೇಗ ಹುಡುಕಿದರು. ಹಾವಿಗೆ ಅಂಜುವವರು ಹಾವನ್ನು ಇನ್ನೂ ಬೇಗ ಹುಡುಕಿದರು. ಆದರೆ ಕಾಡುದಾರಿಯಲ್ಲಿ ವೇಗಕ್ಕಿಂತ ತೀರ್ಮಾನದ ಮಟ್ಟ ದೊಡ್ಡದು. ಬೇರನ್ನು ಹಾವೆಂದುಕೊಂಡರೆ ನಷ್ಟ ಒಂದು ಹೆಜ್ಜೆ, ಹಾವನ್ನು ಬೇರೆಂದುಕೊಂಡರೆ ಪ್ರಾಣ. ಅಗ್ಗದ ತಪ್ಪಿನ ಕಡೆಗೇ ಮನಸ್ಸು ವಾಲುತ್ತದೆ ಎಂದು ಹ್ಯಾಸೆಲ್ಟನ್ ಮತ್ತು ಬಸ್ 2000ದಲ್ಲಿ ಮಂಡಿಸಿದ ಸಿದ್ಧಾಂತ ಇಲ್ಲಿ ಸರಿಯಾಗಿ ಹೊಂದುತ್ತದೆ. ಹಾಗೆಂದು ಈ ವಾಲಿಕೆ ಕಾವಲಿಗೆ ಸಾಲದು. ತರಗೆಲೆಯಲ್ಲಿ ಇಲಿ ಸರಿದರೂ ಬೆಚ್ಚುವ ಕಿವಿಗೆ, ಮೆತ್ತನೆಯ ಪಾದದ ಆನೆ ಹತ್ತಿರ ಬಂದದ್ದು ಕೇಳದೆ ಹೋಗಬಹುದು. ಬೇರುಗಳಲ್ಲೆಲ್ಲ ಹಾವು ಕಾಣುವ ಕಣ್ಣು, ಎಲೆಯ ಬಣ್ಣದಲ್ಲೇ ಸುರುಳಿ ಸುತ್ತಿ ಕೂತ ಗುಳಿಮಂಡಲವನ್ನು ದಾಟಿ ಹೋಗಬಹುದು.

ಬದಲಾದದ್ದು ನೋಟವೋ, ನೆನಪೋ? 2007ರಲ್ಲಿ ಸ್ಟೆಟ್ಸನ್, ಫಿಯೆಸ್ಟಾ, ಈಗಲ್‌ಮನ್ ಜನರನ್ನು 31 ಮೀಟರ್ ಎತ್ತರದಿಂದ ಬಲೆಗೆ ಬೀಳಿಸಿದರು. ಇತರರು ಬಿದ್ದದ್ದಕ್ಕಿಂತ ತಾವು ಬಿದ್ದ ಅವಧಿ ಸರಾಸರಿ ಶೇ. 36ರಷ್ಟು ಹೆಚ್ಚೆಂದು ಅವರು ಅಂದಾಜಿಸಿದರು. ಕಾಲ ನಿಜಕ್ಕೂ ನಿಧಾನವಾಗಿದ್ದರೆ, ಕೈಗೆ ಕಟ್ಟಿದ್ದ ಪರದೆಯಲ್ಲಿ ಅತಿವೇಗವಾಗಿ ಮಿನುಗುತ್ತಿದ್ದ ಅಂಕಿಗಳನ್ನು ಅವರು ಓದಬಹುದಿತ್ತು, ಓದಲಾಗಲಿಲ್ಲ. ಹಿಗ್ಗಿದ್ದು ನೆನಪು. ಆದ್ದರಿಂದ ಕರಡಿ ಬಹಳ ಹೊತ್ತು ದಿಟ್ಟಿಸಿತು ಎಂಬ ಹೇಳಿಕೆಯಲ್ಲಿ ನಾನು ಕರಡಿಯನ್ನು ಒಪ್ಪಿ, ಹೊತ್ತನ್ನು ಬದಿಗಿಡುತ್ತೇನೆ. ಎತ್ತರದ ವಿಷಯ ಇಷ್ಟು ಸುಲಭವಲ್ಲ. ಮೇಲಿನಿಂದ ಕೆಳಗೆ ನೋಡುವವರು ಎತ್ತರವನ್ನು ಹೆಚ್ಚಾಗಿ ಅಂದಾಜಿಸುತ್ತಾರೆ, ಅಂಜುವವರು ಇನ್ನಷ್ಟು, ಎಂದು ಸ್ಟೆಫನೂಚಿ ಮತ್ತು ಪ್ರಾಫಿಟ್ 2009ರಲ್ಲಿ ತೋರಿಸಿದರು. ಇಂಥ ಫಲಿತಗಳು ನೋಟದ್ದಲ್ಲ, ಬಹುಪಾಲು ಅಂದಾಜಿನದೋ ನೆನಪಿನದೋ ಎಂದು ಫೈರ್‌ಸ್ಟೋನ್ ಮತ್ತು ಶೋಲ್ 2016ರಲ್ಲಿ ಆಕ್ಷೇಪಿಸಿದರು. ಆಕ್ಷೇಪವೇ ಬಲವಾಗಿದೆ ಎಂದು ನನ್ನ ಎಣಿಕೆ.

ಭಯದ ಲೆಕ್ಕಕ್ಕೆ ಬರೆಯುವ ಎಷ್ಟೋ ಸಂಗತಿ ಬರಿಯ ಕಣ್ಣಿನ ರಚನೆಯದು. ಕತ್ತಲೆಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಒಮ್ಮೆ ಟಾರ್ಚು ಹೊತ್ತಿಸಿದರೆ ಆ ಹೊಂದಾಣಿಕೆ ಬಹುಪಾಲು ಹಾಳು. ಮಂದ ಬೆಳಕನ್ನು ಹಿಡಿಯುವ ಕೋಶಗಳು ಅಕ್ಷಿಪಟದ ನಟ್ಟನಡುವೆ ಇಲ್ಲವಾದ್ದರಿಂದ, ಓರೆನೋಟಕ್ಕೆ ಸಿಕ್ಕಿದ್ದು ದಿಟ್ಟಿಸಿದರೆ ಮಾಯವಾಗುತ್ತದೆ. ‘ಇತ್ತು, ನೋಡುವಷ್ಟರಲ್ಲಿ ಇಲ್ಲ’ ಎನ್ನುವವರು ಸುಳ್ಳು ಹೇಳುತ್ತಿಲ್ಲ, ಹೆದರಿರಲೇಬೇಕೆಂದೂ ಇಲ್ಲ.

ಕೊಳ್ಳಿದೆವ್ವದ ಹೇಳಿಕೆಗಳನ್ನು ಸಂಗ್ರಹಿಸುವಾಗ ಇನ್ನೊಂದು ಎಚ್ಚರ ಬೇಕು. ಪೂರ್ಣ ಕತ್ತಲಲ್ಲಿ ಅಲುಗದ ಬೆಳಕಿನ ಚುಕ್ಕೆಯೂ ಚಲಿಸಿದಂತೆ ಕಾಣುತ್ತದೆ. 1935ರಲ್ಲಿ ಪ್ರಕಟವಾದ ಮುಜಫರ್ ಶರೀಫರ ಅಧ್ಯಯನದಲ್ಲಿ, ಚುಕ್ಕೆ ಎಷ್ಟು ದೂರ ಸರಿಯಿತೆಂದು ಗುಂಪಿನಲ್ಲಿ ಹೇಳಿದವರ ಅಂದಾಜುಗಳು ಕ್ರಮೇಣ ಒಂದಾದವು. ಆಮೇಲೆ ಒಂಟಿಯಾಗಿ ಕೇಳಿದಾಗಲೂ ಅವರು ಗುಂಪಿನ ಅಳತೆಗೇ ಅಂಟಿಕೊಂಡರು. ಹಾಗಾಗಿ ಚಾರಣದ ತಂಡದ ಐವರೂ ಬೆಳಕು ಹಿಂಬಾಲಿಸಿತು ಎಂದು ಹೇಳಿದರೆ ಅದು ಐದು ಸಾಕ್ಷ್ಯವಲ್ಲ. ಮೊದಲು ಬಾಯಿಬಿಟ್ಟವರು ಯಾರು, ಅಷ್ಟರಲ್ಲಿ ಉಳಿದವರು ಏನನ್ನು ನೋಡುತ್ತಿದ್ದರು, ಟಾರ್ಚು ಆರಿಸಿ ಎಷ್ಟು ಹೊತ್ತಾಗಿತ್ತು ಎಂಬುದನ್ನು ಪ್ರತಿಯೊಬ್ಬರಿಂದಲೂ ಬೇರೆಬೇರೆಯಾಗಿ, ಅವರು ಮತ್ತೆ ಒಟ್ಟಿಗೆ ಕೂತು ಮಾತಾಡುವ ಮೊದಲೇ, ಬರೆದುಕೊಳ್ಳಬೇಕು.