ಲಘು ವಿಮಾನಗಳ ಎಂಜಿನ್ ಮತ್ತು ಇಂಧನ ಮಾಪನ ವ್ಯವಸ್ಥೆ

ಲಘು ವಿಮಾನಗಳ ಎಂಜಿನ್ ಮತ್ತು ಇಂಧನ ಮಾಪನ ವ್ಯವಸ್ಥೆ ಎಂದರೆ ಹಾರಾಟದ ವೇಳೆ ಎಂಜಿನ್ನಿನ ಸ್ಥಿತಿಯನ್ನೂ ಇಂಧನದ ಸಂಗ್ರಹ ಹಾಗೂ ಬಳಕೆಯನ್ನೂ ಸಂವೇದಕಗಳಿಂದ ಅಳೆದು ಪೈಲಟ್‌ನ ಮುಂದಿನ ಪರದೆಯ ಮೇಲೆ ತೋರಿಸುವ ವಿದ್ಯುನ್ಮಾನ ಉಪಕರಣಗಳ ಸಮೂಹ. ಎರಡರಿಂದ ನಾಲ್ಕು ಆಸನಗಳ ತರಬೇತಿ ವಿಮಾನಗಳಲ್ಲಿ ಬಹುಮಟ್ಟಿಗೆ ಒಂದೇ ಎಂಜಿನ್ ಇರುತ್ತದೆ. ಅದು ನಿಂತರೆ ವಿಮಾನವು ತೇಲುತ್ತ ಕೆಳಗಿಳಿಯಬಲ್ಲದೇ ಹೊರತು ಎತ್ತರವನ್ನು ಉಳಿಸಿಕೊಳ್ಳಲಾರದು. ಆದ್ದರಿಂದ ದೋಷವು ಬಲಿಯುವ ಮೊದಲೇ ಅದರ ಸುಳಿವು ಹಿಡಿಯುವುದು ಈ ವ್ಯವಸ್ಥೆಯ ಮುಖ್ಯ ಉದ್ದೇಶ. ಕರ್ನಾಟಕದಲ್ಲಿ ಇದಕ್ಕೆ ಒಳ್ಳೆಯ ನಿದರ್ಶನ, ಬೆಂಗಳೂರಿನ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್ (ಎನ್‌ಎಎಲ್) ರೂಪಿಸಿದ ಹಂಸ ವಿಮಾನ.

ಎಂಜಿನ್ನಿನ ಮಾಪನ

ಹಳೆಯ ವಿಮಾನಗಳಲ್ಲಿ ಪ್ರತಿಯೊಂದು ಅಳತೆಗೂ ಮುಳ್ಳಿರುವ ಪ್ರತ್ಯೇಕ ದುಂಡು ಮಾಪಕವಿತ್ತು. ಮುಧೋಳ, ಜಮಖಂಡಿಗಳ ಕಡೆ ಕಬ್ಬು ಹೇರುವ ಟ್ರ್ಯಾಕ್ಟರಿನಲ್ಲಿಯೂ ಎಣ್ಣೆಯ ಒತ್ತಡ ಮತ್ತು ನೀರಿನ ಬಿಸಿಯನ್ನು ತೋರಿಸುವ ಇಂಥವೇ ಮಾಪಕಗಳನ್ನು ಕಾಣಬಹುದು, ತತ್ತ್ವದಲ್ಲಿ ಭೇದವಿಲ್ಲ. ವಿದ್ಯುನ್ಮಾನ ಪರದೆಯು ಇವೆಲ್ಲವನ್ನೂ ಒಂದೆಡೆ ತಂದು, ಸುರಕ್ಷಿತ ಮಿತಿಯನ್ನು ಹಸಿರಿನಲ್ಲಿ, ಎಚ್ಚರಿಕೆಯನ್ನು ಹಳದಿಯಲ್ಲಿ, ಅಪಾಯವನ್ನು ಕೆಂಪಿನಲ್ಲಿ ತೋರಿಸುತ್ತದೆ.

ಉಷ್ಣತೆಯನ್ನು ಅಳೆಯಲು ಸಾಮಾನ್ಯವಾಗಿ ಉಷ್ಣಯುಗ್ಮವನ್ನು ಬಳಸುತ್ತಾರೆ. ಎರಡು ಬೇರೆ ಬೇರೆ ಲೋಹಗಳ ಬೆಸುಗೆಯು ಕಾದಾಗ ಅಲ್ಪ ಪ್ರಮಾಣದ ವಿದ್ಯುದ್ವಿಭವ ಉಂಟಾಗುವುದೇ ಇದರ ಆಧಾರ. ಪ್ರತಿ ಸಿಲಿಂಡರಿಗೂ ಒಂದೊಂದು ಸಂವೇದಕವಿದ್ದರೆ ಹೋಲಿಕೆ ಸುಲಭ. ಪ್ರತಿ ಸಿಲಿಂಡರಿಗೆ ಎರಡು ಸ್ಪಾರ್ಕ್ ಪ್ಲಗ್‌ಗಳಿರುವ ಎಂಜಿನ್ನಿನಲ್ಲಿ ಒಂದು ಪ್ಲಗ್ ಕೆಟ್ಟಿತೆನ್ನಿ: ದಹನ ನಿಧಾನವಾಗಿ, ಇನ್ನೂ ಉರಿಯುತ್ತಿರುವ ಅನಿಲವೇ ಹೊರನಾಳಕ್ಕೆ ಬರುತ್ತದೆ, ಆ ಸಿಲಿಂಡರಿನ ಹೊಗೆಯ ಉಷ್ಣತೆ ಉಳಿದವುಗಳಿಗಿಂತ ಏರುತ್ತದೆ. ಕಿವಿಗೆ ತಿಳಿಯದ ಈ ವ್ಯತ್ಯಾಸ ಪರದೆಯ ಮೇಲೆ ಎದ್ದು ಕಾಣುತ್ತದೆ. ಎಣ್ಣೆಯ ಒತ್ತಡ ಇಳಿಯುತ್ತ, ಅದರ ಉಷ್ಣತೆ ಏರುತ್ತಿದ್ದರೆ ತಡಮಾಡದೆ ನೆಲಕ್ಕಿಳಿಯಬೇಕು.

ಇಂಧನದ ಮಾಪನ

ಟ್ಯಾಂಕಿನೊಳಗಿನ ಮಟ್ಟವನ್ನು ತೇಲುಬುರುಡೆಯಿಂದ ಅಥವಾ ವಿದ್ಯುತ್ ಧಾರಕದ ಕಡ್ಡಿಯಿಂದ ಅಳೆಯುತ್ತಾರೆ. ರೆಕ್ಕೆಯೊಳಗಿನ ಟ್ಯಾಂಕು ಅಗಲವಾಗಿ, ಚಪ್ಪಟೆಯಾಗಿರುವುದರಿಂದ ವಿಮಾನ ಓರೆಯಾದಾಗ ಇಂಧನ ಒಂದು ಬದಿಗೆ ಸರಿದು ಅಳತೆ ತಪ್ಪುತ್ತದೆ. ಇದಕ್ಕೆ ಪೂರಕವಾಗಿ ಕೊಳವೆಯಲ್ಲಿ ಹರಿವಿನ ಸಂವೇದಕವನ್ನು ಅಳವಡಿಸುತ್ತಾರೆ. ಹರಿಯುವ ಇಂಧನವು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಸುತ್ತುಗಳನ್ನು ಎಣಿಸಿದ ಗಣಕವು ಖರ್ಚಾದದ್ದನ್ನು ಕಳೆದು ಶೇಷವನ್ನು ತೋರಿಸುತ್ತದೆ.

ಇಲ್ಲಿಯೇ ತೊಡಕಿರುವುದು. ಆರಂಭದಲ್ಲಿ ಎಷ್ಟು ಇಂಧನವಿತ್ತೆಂಬುದು ಗಣಕಕ್ಕೆ ತಿಳಿಯದು. ಅದನ್ನು ಪೈಲಟ್ ನಮೂದಿಸಬೇಕು. ಉದಾಹರಣೆಗೆ, ಗಂಟೆಗೆ 20 ಲೀಟರ್ ಕುಡಿಯುವ ವಿಮಾನದಲ್ಲಿ 80 ಲೀಟರ್ ಇದ್ದು, 100 ಎಂದು ನಮೂದಿಸಿದರೆ ಮೂರು ಗಂಟೆಗಳ ನಂತರ ಪರದೆಯು 40 ಲೀಟರ್, ಅಂದರೆ ಎರಡು ಗಂಟೆಯ ಹಾರಾಟ ಬಾಕಿಯಿದೆ ಎನ್ನುತ್ತದೆ. ವಾಸ್ತವದಲ್ಲಿ ಉಳಿದಿರುವುದು 20 ಲೀಟರ್, ಒಂದೇ ಗಂಟೆ. ಸಂವೇದಕಕ್ಕಿಂತ ಮೊದಲೇ ಸೋರಿದ ಇಂಧನವೂ ಈ ಲೆಕ್ಕಕ್ಕೆ ಸಿಗುವುದಿಲ್ಲ. ಹಾರುವ ಮುನ್ನ ಟ್ಯಾಂಕಿನ ಮುಚ್ಚಳ ತೆಗೆದು ಅಳತೆಗೋಲಿನಿಂದ ನೋಡುವ ಹಳೆಯ ಪದ್ಧತಿ ಇಂದಿಗೂ ಉಳಿದಿರುವುದು ಈ ಕಾರಣದಿಂದ.

ತಪ್ಪು ನಮೂದಿನ ಪರಿಣಾಮಕ್ಕೆ ಪ್ರಸಿದ್ಧ ಉದಾಹರಣೆ ದೊಡ್ಡ ವಿಮಾನವೊಂದರದು. 1983ರ ಜುಲೈ 23ರಂದು ಏರ್ ಕೆನಡಾದ ಬೋಯಿಂಗ್ 767 ವಿಮಾನದ ಇಂಧನ ಮಾಪಕಗಳು ಕೆಟ್ಟಿದ್ದವು. ಕೈಲೆಕ್ಕ ಮಾಡುವಾಗ ಕಿಲೋಗ್ರಾಮಿನ ಬದಲು ಪೌಂಡಿನ ಗುಣಾಂಕ ಬಳಕೆಯಾಗಿ, ಬೇಕಾದುದರ ಅರ್ಧಕ್ಕೂ ಕಡಿಮೆ ಇಂಧನದೊಂದಿಗೆ ಅದು ಹೊರಟಿತು. ಮಾರ್ಗಮಧ್ಯದಲ್ಲಿ ಎರಡೂ ಎಂಜಿನ್‌ಗಳು ನಿಂತವು. ಪೈಲಟ್‌ಗಳು ಅದನ್ನು ತೇಲಿಸುತ್ತ ಗಿಮ್ಲಿ ಎಂಬಲ್ಲಿಯ ಹಳೆಯ ವಾಯುನೆಲೆಯಲ್ಲಿ ಇಳಿಸಿದರು. ಒಳಗಿದ್ದ 69 ಮಂದಿಯೂ ಬದುಕುಳಿದರು.

ಹಂಸ ವಿಮಾನಗಳು

ಅಕ್ಕಪಕ್ಕ ಎರಡು ಆಸನಗಳಿರುವ ಹಂಸ-3 ಸಂಯುಕ್ತ ವಸ್ತುಗಳಿಂದ ನಿರ್ಮಿತವಾದ ತರಬೇತಿ ವಿಮಾನ. ರೋಟಾಕ್ಸ್ 914 ಎಂಜಿನ್ ಹೊಂದಿದ್ದ ಇದಕ್ಕೆ 2000ದಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಪ್ರಮಾಣಪತ್ರ ದೊರೆಯಿತು. ಇದರ ಸುಧಾರಿತ ರೂಪವಾದ ಹಂಸ-ಎನ್‌ಜಿ 2021ರ ಸೆಪ್ಟೆಂಬರ್ 3ರಂದು ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣದಿಂದ ಮೊದಲ ಬಾರಿಗೆ ಹಾರಿತು. ದುಂಡು ಮಾಪಕಗಳ ಸಾಲಿನ ಬದಲು ಇದರಲ್ಲಿ ಅಂಕೀಯ ಪರದೆಗಳಿರುವ ಗ್ಲಾಸ್ ಕಾಕ್‌ಪಿಟ್ ಇದೆ.

ಇದರ ರೋಟಾಕ್ಸ್ 912 ಐಎಸ್‌ಸಿ ಎಂಜಿನ್ನಿಗೆ ಕಾರ್ಬ್ಯುರೇಟರ್ ಇಲ್ಲ. ಎರಡು ಮಾರ್ಗಗಳ ಗಣಕ ಘಟಕವೇ ಇಂಧನದ ಸಿಂಪಡಣೆಯನ್ನೂ ಕಿಡಿಯ ಸಮಯವನ್ನೂ ನಿಯಂತ್ರಿಸುತ್ತದೆ. ಹೀಗೆ ನಿಯಂತ್ರಣಕ್ಕೆಂದು ಪಡೆದ ಅಳತೆಗಳೇ ಪರದೆಗೂ ಒದಗುತ್ತವೆ. ಆದರೆ ವಿದ್ಯುತ್ ಸಂಪೂರ್ಣ ನಿಂತರೆ ಪರದೆಯಷ್ಟೇ ಅಲ್ಲ, ಎಂಜಿನ್ನೂ ನಿಲ್ಲುತ್ತದೆ. ಅದಕ್ಕಾಗಿಯೇ ಎಂಜಿನ್ನಿನೊಳಗೆ ಎರಡು ಜನರೇಟರ್‌ಗಳಿವೆ. 2022ರ ಮೇ ತಿಂಗಳಲ್ಲಿ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಪರೀಕ್ಷಾ ವಲಯದಲ್ಲಿ 7,000–8,000 ಅಡಿ ಎತ್ತರದಲ್ಲಿ ಹಂಸ-ಎನ್‌ಜಿಯ ಎಂಜಿನ್ನನ್ನು ಬೇಕೆಂದೇ ನಿಲ್ಲಿಸಿ, ಗಾಳಿಗೆ ತಿರುಗುವ ಪ್ರೊಪೆಲ್ಲರ್‌ನಿಂದ ಹಾಗೂ ಸ್ಟಾರ್ಟರ್‌ನ ನೆರವಿನಿಂದ ಹಾರಾಟದಲ್ಲಿಯೇ ಮರಳಿ ಚಾಲೂ ಮಾಡುವ ಪರೀಕ್ಷೆ ನಡೆಯಿತು.