ಮೂರನೇ ಸ್ಟಂಪ್ ಎಲ್ಲಿಂದ ಬಂತು?

ಮೊನ್ನೆ ರವಿವಾರ ತವರುಮನಿಗೆ ಹೋಗಿದ್ದೆ. ಜೋಳದ ಸುಗ್ಗಿ ಮುಗದು ಹೊಲಾ ಖಾಲಿ ಬಿದ್ದಾವ, ಹುಡುಗರಿಗೂ ಕೈ ಖಾಲಿ. ಹಂಗಾಗಿ ಸುತ್ತಲಿನ ಐದಾರು ಹಳ್ಳಿಯವರು ಸೇರಿ ಲೀಗ್ ಮ್ಯಾಚ್ ಇಟ್ಟಾರ. ಟೆನಿಸ್ ಬಾಲು, ಎಂಟೆಂಟು ಓವರು. ನಮ್ಮಣ್ಣನ ಮಗ ನಮ್ಮೂರ ಟೀಮಿಗೆ ಕ್ಯಾಪ್ಟನ್. ಅವನ ತಂಗಿ ಪಿಯುಸಿ ಓದಾಕಿ, ಬೇವಿನ ಗಿಡದ ಬುಡಕ ನೋಟಬುಕ್ ಹಿಡಕೊಂಡು ಸ್ಕೋರ್ ಬರೀತಿದ್ಲು. ನಾನೂ ಒಗ್ಗರಣಿ ಅವಲಕ್ಕಿ ಡಬ್ಬಿ ಇಟಗೊಂಡು ಆಕಿ ಬಾಜೂಕ ಕುಂತೆ.

ಸ್ಟಂಪ್ ಅಂದ್ರ ಜಾಲಿ ಕೋಲು. ಮುಂಜಾನಿ ಮ್ಯಾಚಿನಾಗ ನಡುವಿನ ಕೋಲು ಮುರದಿತ್ತು. ‘ಎರಡ ಸಾಕು ಬಿಡ್ರೋ’ ಅಂತ ಹಂಗs ಆಟ ಸುರು ಮಾಡಿದ್ರು. ನಮ್ಮವರಿಗೆ ಇನ್ನ 11 ರನ್ ಬೇಕಿತ್ತು. ಆಗ ಬಂದ ಬಾಲು ಆ ಎರಡು ಕೋಲಿನ ನಡುವಿನ ಸಂದ್ಯಾಗಿಂದ ಪಾರಾಗಿ ಹಿಂದಕ್ಕ ಹೋತು. ಅವರು ‘ಔಟ್’ ಅಂತ ಕುಣದ್ರು. ನಮ್ಮವರು ‘ಕೋಲಿಗೆ ಬಡದs ಇಲ್ಲ, ಹೆಂಗ ಔಟ್?’ ಅಂತ ನಿಂತ್ರು. ಅರ್ಧಾ ತಾಸು ಜಗಳ. ನಮ್ಮ ಹುಡುಗಿ ಎದ್ದು ನಿಂತು, ‘ಕೋಲಿಗೆ ತಾಗಿಲ್ಲಂದ್ರ ಔಟಿಲ್ಲ. ನಡುವಿನ ಕೋಲು ನೆಡಲಾರದ್ದು ಎಲ್ಲಾರದೂ ತಪ್ಪು. ಕೋಲು ನೆಟ್ಟು ಬಾಲು ತಿರಗಿ ಹಾಕ್ರಿ’ ಅಂದ್ಲು. ಅಲ್ಲೆ ನಿಂತಿದ್ದ ಹಿರ್‍ಯಾರೊಬ್ರು, ‘ನೀ ಲೆಕ್ಕ ಬರಿಯವಾ ಸುಮ್ನ. ಹುಡುಗ್ಯಾರಿಗೇನು ಗೊತ್ತಾಗತೈತಿ ಕ್ರಿಕೆಟ್ಟು’ ಅಂದ್ರು. ಕಡೀಕ ಆಕಿ ಹೇಳಿದಂಗs ಆತು, ಆದ್ರ ಅದನ್ನ ಹೇಳಿದಾಕಿ ಆಕಿ ಅಂತ ಯಾರೂ ಅನ್ನಲಿಲ್ಲ. ಮ್ಯಾಚ್ ನಾವು 4 ರನ್ನಿನಿಂದ ಸೋತ್ವಿ, ಅದು ಬ್ಯಾರೆ ಮಾತು.

ಮನಿಗೆ ಬಂದ ಮ್ಯಾಲೂ ನಂಗ ಅದs ತಲ್ಯಾಗ. ಈ ಆಟಕ್ಕ ಮೂರು ಕೋಲು ಯಾರು ಇಟ್ರು? ಮಗನ ಮೊಬೈಲಿನಾಗ, ಲೈಬ್ರರಿ ಪುಸ್ತಕದಾಗ ಹುಡಿಕಿ ಓದಿದೆ. ಓದಿದಂಗ ಓದಿದಂಗ ನಗೂನೂ ಬಂತು, ಬ್ಯಾಸರಾನೂ ಆತು. ಯಾಕಂದ್ರ ನಮ್ಮೂರ ಹೊಲದಾಗ ಆದ ಜಗಳ ಸುಮಾರು 250 ವರ್ಷದ ಹಿಂದ ಇಂಗ್ಲೆಂಡಿನಾಗ ಆಗಿ ಹೋಗೈತಿ. ಅಲ್ಲೂ ಅದು ಹಳ್ಳಿ ಮಂದಿ ಆಟಾನs.

ಇಂಗ್ಲೆಂಡಿನ ಹ್ಯಾಂಪ್‌ಶೈರ್ ಸೀಮ್ಯಾಗ ಹ್ಯಾಂಬಲ್ಡನ್ ಅಂತ ಒಂದು ಹಳ್ಳಿ ಐತಿ. ಊರ ಹೊರಗ ದಿನ್ನಿ ಮ್ಯಾಲೆ ಒಂದು ಹುಲ್ಲಿನ ಬಯಲು, ಅದಕ್ಕ ಬ್ರಾಡ್‌ಹಾಫ್‌ಪೆನಿ ಡೌನ್ ಅಂತಾರ. ಬಯಲಿನ ಎದರಿಗೇ ಒಂದು ಖಾನಾವಳಿ. ಖಾನಾವಳಿ ಅಂದ್ರ ನಮ್ಮ ರೊಟ್ಟಿ ಖಾನಾವಳಿ ಅಲ್ರೆವಾ, ಉಣ್ಣಾಕ ಕುಡಿಯಾಕ ಎರಡಕ್ಕೂ ಮಂದಿ ಬರೋ ಜಾಗ. ‘ಬ್ಯಾಟ್ ಅಂಡ್ ಬಾಲ್’ ಅಂತ ಅದರ ಹೆಸರು, ಈಗೂ ಐತಿ. ಅದನ್ನ ನಡಸಾಂವ ರಿಚರ್ಡ್ ನೈರನ್. ಅವನs ಟೀಮಿಗೆ ಕ್ಯಾಪ್ಟನ್, ಅವನs ಬಯಲು ನೋಡಿಕೊಳ್ಳಾಂವ.

ಆ ಟೀಮಿನಾಗ ಯಾರ‍್ಯಾರು ಇದ್ರು ಅಂತ ಕೇಳ್ರಿ. ಜಾನ್ ಸ್ಮಾಲ್ ಅನ್ನಾಂವ ಮೊದಲಿಗೆ ಚಪ್ಪಲಿ ಹೊಲೀತಿದ್ದ, ಆಮ್ಯಾಲೆ ಬ್ಯಾಟು-ಬಾಲು ಮಾಡಾಕ ಹತ್ತಿದ. ಟಾಮ್ ಸ್ಯೂಟರ್ ಬಡಿಗ. ಡೇವಿಡ್ ಹ್ಯಾರಿಸ್ ಕುಂಬಾರ. ಥಾಮಸ್ ಬ್ರೆಟ್, ಜೇಮ್ಸ್ ಐಲ್ವರ್ಡ್ ರೈತರು. ನಮ್ಮೂರ ಟೀಮಿನಾಗ ಟ್ರ್ಯಾಕ್ಟರ್ ಹೊಡಿಯಾಂವ, ಕಿರಾಣಿ ಅಂಗಡ್ಯಾಂವ, ಗೌಂಡಿ ಕೆಲಸದಾಂವ ಇದ್ದಂಗs. ಶ್ರೀಮಂತರೂ ಕ್ಲಬ್ಬಿನಾಗ ಇದ್ರು ಮತ್ತ, ರೊಕ್ಕ ಹಾಕಾವರು ಅವರs. ಒಂದೊಂದು ಮ್ಯಾಚಿಗೆ ಸಾವಿರ ಗಿನಿ ತನಕ ಪಣ ಕಟ್ಟತಿದ್ರಂತ. ಆದ್ರ ಬಯಲಿನಾಗ ಬೆವರು ಸುರಸಾವರು ಹೆಚ್ಚಾಗಿ ಹಳ್ಳಿ ಮಂದಿ.

ಆಗಿನ ಆಟ ಈಗಿನಂಗ ಇರಲಿಲ್ಲ. ಬಾಲನ್ನ ಕೈ ಕೆಳಗ ಮಾಡಿನ ಹಾಕತಿದ್ರು. ಬ್ಯಾಟು ತುದ್ಯಾಗ ಬಾಗಿದ್ದು, ಹಾಕಿ ಕೋಲಿನಂಗ. ನೆಟ್ಟಗಿನ ಬ್ಯಾಟ್ ಮಾಡೋದರಾಗ ಜಾನ್ ಸ್ಮಾಲನ ಹೆಸರು ದೊಡ್ಡದು. ಸ್ಟಂಪ್ ಎರಡs, ಮ್ಯಾಲೆ ಒಂದು ಅಡ್ಡ ಕಡ್ಡಿ. ರನ್ನಿಗೆ ಅವರು ರನ್ ಅಂತಿರಲಿಲ್ಲ, ‘ನಾಚ್’ ಅಂತಿದ್ರು. ಅಂದ್ರ ಕಚ್ಚು. ಒಂದು ಕೋಲು ಹಿಡಕೊಂಡು ಕುಂತು, ಒಂದು ರನ್ನಿಗೆ ಚಾಕುಲೆ ಒಂದು ಕಚ್ಚು ಹಾಕೋದು. ಇದನ್ನ ಓದಿದಾಗ ನಂಗ ನಮ್ಮವ್ವ ನೆಪ್ಪಾದ್ಲು. ಅಡಗಿಮನಿ ಗ್ವಾಡಿಗೆ ಇದ್ದಲಿಲೆ ಗೆರಿ ಎಳದು ಹಾಲಿನ ಲೆಕ್ಕ ಇಡತಿದ್ಲಲ್ಲ, ಐದಕ್ಕೊಂದು ಅಡ್ಡ ಗೆರಿ! ಸಾಲಿ ಕಲೀಲಾರದಾಕಿ, ಆದ್ರ ಹಾಲಿನಾಂವ ಒಂದು ಸೇರೂ ಹೆಚ್ಚಿಗಿ ಬರಸಾಕ ಆಗತಿರಲಿಲ್ಲ.

ಈಗ ಜಗಳದ ಕಥಿಗೆ ಬರೂಣು. ಒಂದಲ್ಲ, ಎರಡು ಅದಾವ.

ಮೊದಲನೇದು 1771ರ ಸೆಪ್ಟೆಂಬರಿನಾಗ. ಹ್ಯಾಂಬಲ್ಡನ್ ಮತ್ತ ಚೆರ್ಟ್ಸಿ ಊರಿನ ನಡುವ ಮ್ಯಾಚು. ಅವರ ಕಡೆ ವೈಟ್ ಅನ್ನಾಂವ ಒಂದು ಬ್ಯಾಟ್ ತಂದ. ಅದು ಎಷ್ಟು ಅಗಲ ಅಂದ್ರ ಸ್ಟಂಪ್ ಪೂರಾ ಮುಚ್ಚಿ ಹೋಗಬೇಕು, ಬಾಗಲಾ ಮುಂದಕ್ಕ ಮಾಡಿದಂಗ. ಬಾಲು ಎಲ್ಲಿಂದ ಒಳಗ ಹೋಗಬೇಕು? ಆಗ ಬ್ಯಾಟಿನ ಅಗಲಕ್ಕ ಕಾಯ್ದೆ ಇರಲಿಲ್ಲ, ಹಂಗಾಗಿ ತಪ್ಪು ಅನ್ನಾಕೂ ಬರಂಗಿಲ್ಲ. ಇಷ್ಟಾದ್ರೂ ಹ್ಯಾಂಬಲ್ಡನ್ ಒಂದು ರನ್ನಿನಿಂದ ಗೆದ್ದಿತು. ಗೆದ್ದಿವಿ, ಇನ್ಯಾಕ ಅಂತ ಅವರು ಸುಮ್ನ ಕೂಡಲಿಲ್ಲ ನೋಡ್ರಿ. ಎರಡು ದಿನಕ್ಕ ಕಾಗದ ತಗೊಂಡು, ಬ್ಯಾಟು ನಾಕೂ ಕಾಲು ಇಂಚಿಗಿಂತ ಅಗಲ ಇರಬಾರದು ಅಂತ ಬರದು ಸಹಿ ಮಾಡಿದ್ರು. ಸಹಿ ಮಾಡಿದವರು ಖಾನಾವಳಿ ನೈರನ್, ರೈತ ಬ್ರೆಟ್, ಚಪ್ಪಲಿ ಹೊಲಿಯೋ ಸ್ಮಾಲ್. 1774ರಾಗ ಅದು ಆಟದ ಕಾಯ್ದೆ ಆತು. ಇವತ್ತು ಕೊಹ್ಲಿ ಹಿಡಿಯೋ ಬ್ಯಾಟು, ಸ್ಮೃತಿ ಮಂಧಾನ ಹಿಡಿಯೋ ಬ್ಯಾಟು, ಯಾವುದೂ ಆ ನಾಕೂ ಕಾಲು ಇಂಚು ದಾಟಂಗಿಲ್ಲ.

ಎರಡನೇದು 1775ರ ಮೇ ತಿಂಗಳದು, ನಮ್ಮೂರ ಜಗಳಕ್ಕ ಅಣ್ಣ. ಲಂಡನ್ನಿನ ಆರ್ಟಿಲರಿ ಗ್ರೌಂಡಿನಾಗ ಕೆಂಟ್ ಕಡೆ ಐದು ಮಂದಿ, ಹ್ಯಾಂಬಲ್ಡನ್ ಕಡೆ ಐದು ಮಂದಿ ಆಡತಿದ್ರು. ಹ್ಯಾಂಬಲ್ಡನ್ನಿಗೆ ಕಡೇ ಆಟಗಾರ ಜಾನ್ ಸ್ಮಾಲ್, ಗೆಲ್ಲಾಕ ಇನ್ನೂ 14 ಬೇಕು. ಬಾಲು ಹಾಕಾಂವ ‘ಲಂಪಿ’ ಸ್ಟೀವನ್ಸ್, ಆ ಕಾಲದ ಹುಲಿ. ಮೂರು ಸಲ ಸ್ಮಾಲನ ಬ್ಯಾಟು ತಪ್ಪಿಸಿ ಬಾಲು ಹೊಡದ. ಮೂರೂ ಸಲ ಬಾಲು ಎರಡು ಕೋಲಿನ ನಡುವ ಪಾರಾಗಿ ಹೋತು, ಕಡ್ಡಿ ಬೀಳಲಿಲ್ಲ! ಸ್ಮಾಲ್ ಆ 14 ಹೊಡದು ಗೆಲ್ಲಿಸಿಬಿಟ್ಟ. ಲಂಪಿದು ಅನ್ಯಾಯ ಆತು ಅಂತ ನೋಡಿದವರಿಗೆಲ್ಲಾ ಅನಿಸಿತು. ಅದರಿಂದನs ನಡುವ ಮೂರನೇ ಕೋಲು ಬಂದದ್ದು. ಎಲ್ಲಾ ಕಡೆ ರೂಢಿ ಆಗಾಕ ಕೆಲವು ವರ್ಷ ಹಿಡೀತು.

ನಮ್ಮ ಹುಡುಗಿ ಬೇವಿನ ಗಿಡದ ಬುಡಕ ನಿಂತು ಹೇಳಿದ್ದೂ ಇದನ್ನs ಅಲ್ಲೇನ್ರೆವಾ?

ಸ್ಮಾಲಂದು ಇನ್ನೊಂದು ಕಥಿ ಹೇಳದs ಮುಂದ ಹೋಗಾಕ ಮನಸ ಬರವಲ್ದು. ಅಂವ ಪಿಟೀಲು ಭಾಳ ಚಲೋ ನುಡಸತಿದ್ನಂತ. ಒಮ್ಮೆ ಹೊಲ ದಾಟುವಾಗ ಗೂಳಿ ಮೈಮ್ಯಾಲೆ ಬಂತಂತ. ಅಂವ ಓಡಲಿಲ್ಲ, ನಿಂತು ಪಿಟೀಲು ನುಡಸಿದ, ಗೂಳಿ ತಣ್ಣಗಾತು. ಕುಂಬಾರ ಹ್ಯಾರಿಸನಿಗೆ ವಯಸ್ಸಾದ ಮ್ಯಾಲೆ ಸಂದುವಾತ ಹಿಡದು ನಿಂದರಾಕ ಆಗವಲ್ದು, ಆದ್ರ ಆಟ ಬಿಡವಲ್ಲ. ಅವನ ಸಲುವಾಗಿ ಬಯಲಿನಾಗ ಕೈಯಿರೋ ಕುರ್ಚಿ ತಂದು ಇಡತಿದ್ರು. ಬಾಲು ಹಾಕೋದು, ಹೋಗಿ ಕುರ್ಚಿ ಮ್ಯಾಲೆ ಕೂಡೋದು. ಮೊಣಕಾಲು ಬ್ಯಾನಿ ಇದ್ದ ನಮಗ ಇದು ತಿಳೀತೈತಿ. ಆ ಟೀಮಿನ ಮಂದಿ ಕಥಿ ಹೇಳಿದಾಂವ ನೈರನ್‌ನ ಮಗ ಜಾನ್ ನೈರನ್. 1833ರಾಗ ಪುಸ್ತಕ ಮಾಡಿದ್ರು. ಅಪ್ಪನ ಸಂಗತಿ ಆಡಿದವರನ್ನ ಸಣ್ಣಾಂವ ಇದ್ದಾಗ ನೋಡಿದ್ದ, ಅದನ್ನ ಬರಸಿಟ್ಟ. ಬರಸಿಟ್ಟಿದ್ದಕ್ಕ ಬಡಿಗನ ಹೆಸರು, ಕುಂಬಾರನ ಹೆಸರು ಇವತ್ತು ನಮಗ ಸಿಕ್ಕಾವ.

ಆ ಹಳ್ಳಿ ಟೀಮಿನ ಕಸುವು ಎಷ್ಟಿತ್ತು ಅಂದ್ರ, 1777ರಾಗ ಇಡೀ ಇಂಗ್ಲೆಂಡಿನ ಟೀಮಿನ ಮ್ಯಾಲೆ ಆಡಿದ್ರು. ಐಲ್ವರ್ಡ್ ಒಬ್ಬನs 167 ಹೊಡದ. ಬುಧವಾರ ಸಂಜೀಕ ಆಡಾಕ ಇಳದಾಂವ ಶುಕ್ರವಾರ ಮಧ್ಯಾಹ್ನಕ್ಕ ಔಟಾದ. ಹ್ಯಾಂಬಲ್ಡನ್ 403 ಮಾಡಿ, ಒಂದು ಇನಿಂಗ್ಸ್ ಮತ್ತ 168 ರನ್ನಿನಿಂದ ಗೆದ್ದಿತು.

ಆದ್ರ ರೊಕ್ಕ ಇದ್ದವರ ಮನಸು ಲಂಡನ್ ಕಡೆ ತಿರಗಿತು. 1787ರಾಗ ಅಲ್ಲೆ ಥಾಮಸ್ ಲಾರ್ಡ್ ಅನ್ನಾಂವ ಗ್ರೌಂಡ್ ಮಾಡಿದ, ಎಂ.ಸಿ.ಸಿ. ಕ್ಲಬ್ ಹುಟ್ಟಿತು, ಕಾಯ್ದೆ ಮಾಡೋ ಅಧಿಕಾರ ಅವರ ಕೈಗೆ ಹೋತು. 1796ರ ಹ್ಯಾಂಬಲ್ಡನ್ ಕ್ಲಬ್ಬಿನ ಬುಕ್ಕಿನಾಗ ಕಡೀಕ ಬರದದ್ದು, ದೊಡ್ಡವರು ಯಾರೂ ಬಂದಿಲ್ಲ ಅಂತ. ಮಕ್ಕಳೆಲ್ಲಾ ಬೆಂಗಳೂರು ಸೇರಿದ ಮ್ಯಾಲೆ ಹಳ್ಳಿ ಮನಿ ಹೆಂಗ ಆಗತೈತಿ, ಹಂಗ.

ಇಷ್ಟು ಓದಿ ಮುಗೀತು ಅಂತ ಇದ್ದೆ. ಆಮ್ಯಾಲೆ ಕಣ್ಣಿಗೆ ಬಿದ್ದದ್ದು ಇನ್ನೊಂದು. ಅದರ ಸಲುವಾಗಿನs ಇವತ್ತು ಬರಿಯಾಕ ಕುಂತೀನಿ.

1745ರ ಜುಲೈ 26. ಅಂದ್ರ ಮೂರನೇ ಕೋಲು ಬರೂಕಿಂತ 30 ವರ್ಷ ಮೊದಲು. ಸರ್ರಿ ಸೀಮ್ಯಾಗ ಗಿಲ್ಡ್‌ಫರ್ಡ್ ಹತ್ರ ಗಾಸ್ಡನ್ ಕಾಮನ್ ಅಂತ ಊರ ಗೋಮಾಳ. ಅಲ್ಲೆ ಬ್ರಾಮ್ಲಿ ಊರಿನ ಹನ್ನೊಂದು ಹುಡುಗ್ಯಾರು, ಹ್ಯಾಂಬಲ್ಟನ್ ಊರಿನ ಹನ್ನೊಂದು ಹುಡುಗ್ಯಾರು ಕ್ರಿಕೆಟ್ ಆಡ್ಯಾರ. (ಇದು ಸರ್ರಿ ಸೀಮ್ಯಾಗಿನ ಬ್ಯಾರೆ ಊರು, ಮೊದಲು ಹೇಳಿದ್ದಲ್ಲ.) ಎಲ್ಲಾರೂ ಬಿಳೇ ಅರಬಿ. ಬ್ರಾಮ್ಲಿಯವರ ತಲಿಗೆ ನೀಲಿ ರಿಬ್ಬನ್, ಹ್ಯಾಂಬಲ್ಟನ್ನಿನವರಿಗೆ ಕೆಂಪು. ಬ್ರಾಮ್ಲಿ 119, ಹ್ಯಾಂಬಲ್ಟನ್ 127. ‘ರೀಡಿಂಗ್ ಮರ್ಕ್ಯುರಿ’ ಅನ್ನೋ ಪೇಪರಿನಾಗ ಸುದ್ದಿ ಬಂತು. ಗಂಡಸರು ಹೆಂಗಸರು ಕೂಡಿ ಅಷ್ಟು ಮಂದಿ ಯಾವತ್ತೂ ಸೇರಿರಲಿಲ್ಲ, ಹುಡುಗ್ಯಾರು ಬಾಲು ಹಾಕೋದು, ಹೊಡಿಯೋದು, ಓಡೋದು, ಕ್ಯಾಚ್ ಹಿಡಿಯೋದು ಎಲ್ಲಾ ಗಂಡಸರಷ್ಟs ಚಲೋ ಮಾಡಿದ್ರು ಅಂತ ಬರದಾರ. ಎರಡು ವರ್ಷಕ್ಕ, 1747ರಾಗ, ಸಸೆಕ್ಸ್ ಹಳ್ಳಿ ಹೆಣ್ಮಕ್ಕಳು ಲಂಡನ್ನಿನ ಅದs ಆರ್ಟಿಲರಿ ಗ್ರೌಂಡಿಗೆ ಹೋಗಿ ಆಡಿದ್ರು. ಮಂದಿ ಗ್ರೌಂಡಿನಾಗ ನುಗ್ಗಿ ಆಟ ನಿಂತು, ಮರುದಿನ ಮುಗಿಸಬೇಕಾತು.

ರಿಬ್ಬನ್ ಬಣ್ಣ ಬರದಾರ, ರನ್ ಎಷ್ಟು ಅಂತ ಬರದಾರ. ಆದ್ರ ಗಾಸ್ಡನ್ನಿನ ಆ ಇಪ್ಪತ್ತೆರಡು ಹುಡುಗ್ಯಾರೊಳಗ ಒಬ್ಬಾಕಿ ಹೆಸರೂ ಆ ಸುದ್ಯಾಗ ಇಲ್ಲ. ಗೂಳಿ ಮುಂದ ಪಿಟೀಲು ನುಡಸಿದ್ದು ಸೈತ ಪುಸ್ತಕ ಸೇರೈತಿ, 127 ಮಾಡಿದಾಕಿಗಳು ಯಾರು ಅನ್ನೋದು ಸೇರಿಲ್ಲ.

ಹೆಸರು ಬರೀಲಿಲ್ಲಂದ್ರ ಏನಾಗತೈತಿ ಅಂದ್ರ, ಆಡೇ ಇಲ್ಲ ಅಂತ ಆಗತೈತಿ. 1787ರಾಗ ಹುಟ್ಟಿದ ಎಂ.ಸಿ.ಸಿ. ಹೆಣ್ಮಕ್ಕಳನ್ನ ಮೆಂಬರ್ ಮಾಡಕೊಳ್ಳಾಕ ಒಪ್ಪಿದ್ದು 1998ರಾಗ. 211 ವರ್ಷ! ಕ್ರಿಕೆಟ್ಟಿನ ಮೊದಲನೇ ವಿಶ್ವಕಪ್ ಹೆಂಗಸರದು, 1973ರಾಗ ಇಂಗ್ಲೆಂಡಿನಾಗs ಆತು. ಗಂಡಸರದು ಆದದ್ದು 1975ಕ್ಕ. ನಾನು ನಮ್ಮ ಮನ್ಯಾಗಿನ ಗಂಡಸರಿಗೆಲ್ಲಾ ಕೇಳಿದೆ, ಒಬ್ಬರಿಗೂ ಗೊತ್ತಿರಲಿಲ್ಲ. ನಂಗೂ ಹೋದ ವಾರದ ತನಕ ಗೊತ್ತಿರಲಿಲ್ಲ ಅನ್ರಿ.

ನಮ್ಮ ಕಡೆ ನೋಡಿದ್ರ, ಭಾರತದ ಹೆಂಗಸರ ಟೆಸ್ಟ್ ಟೀಮಿಗೆ ಮೊದಲನೇ ಕ್ಯಾಪ್ಟನ್ ನಮ್ಮ ಕರ್ನಾಟಕದ ಪರವಾಗಿ ಆಡಿದ ಶಾಂತಾ ರಂಗಸ್ವಾಮಿ. 1976ರಾಗ ಮೊದಲನೇ ಟೆಸ್ಟ್ ಆಡಿದ್ದೂ ಬೆಂಗಳೂರಾಗs. 2017ರ ವಿಶ್ವಕಪ್ಪಿನಾಗ ನ್ಯೂಜಿಲೆಂಡಿನ ಐದು ವಿಕೆಟ್ ಕಿತ್ತಾಕಿ ನಮ್ಮ ವಿಜಯಪುರದ ರಾಜೇಶ್ವರಿ ಗಾಯಕವಾಡ. ಕಡೂರಿನ ವೇದಾ ಕೃಷ್ಣಮೂರ್ತಿನೂ ಅದs ಟೀಮಿನಾಗ ಇದ್ಲು. 2025ರ ನವೆಂಬರಿನಾಗ ನಮ್ಮ ಹುಡುಗ್ಯಾರು ವಿಶ್ವಕಪ್ಪನ್ನs ಮನಿಗೆ ತಂದ್ರು. ಇಷ್ಟಾದ ಮ್ಯಾಲೂ ಬೇವಿನ ಗಿಡದ ಬುಡಕ ‘ಹುಡುಗ್ಯಾರಿಗೇನು ಗೊತ್ತಾಗತೈತಿ’ ಅನ್ನೋ ಮಾತು ಬರತೈತಿ.

ಆ ಹಿರ್‍ಯಾರ ಮ್ಯಾಲೆ ನಂಗ ಸಿಟ್ಟಿಲ್ರೆವಾ. ಅವರಿಗೆ ಯಾರೂ ಹೇಳಿಲ್ಲ, ಅಷ್ಟs. ನಾನರ ಎಲ್ಲಿ ಹೇಳಿದ್ದೆ? ಸಣ್ಣಾಕಿದ್ದಾಗ ಅಣ್ಣಂದಿರು ಆಡುವಾಗ ಬಾವಿಗೆ ಬಿದ್ದ ಬಾಲು ತಂದು ಕೊಟ್ಟೀನಿ, ಲೆಕ್ಕ ಇಟ್ಟೀನಿ, ನೀರು ಒಯ್ದೀನಿ. ಒಂದ ಬಾಲು ನಂಗೂ ಹಾಕ್ರಿ ಅಂತ ಕೇಳಾಕ ಬಾಯಿ ಬರಲಿಲ್ಲ.

ನಿನ್ನೆ ರಾತ್ರಿ ನಮ್ಮಣ್ಣನ ಮಗಳಿಗೆ ಫೋನ್ ಹಚ್ಚಿ ಈ ಕಥಿ ಪೂರಾ ಹೇಳಿದೆ. ‘ಅತ್ತೀ, ಹಂಗಾರ ನಾ ಹೇಳಿದ್ದು ಸರಿ ಇತ್ತಲ್ಲಾ!’ ಅಂತ ಮೊದಲು ಕುಣದ್ಲು. ಆಮ್ಯಾಲೆ ಒಂದು ಚೂರು ಸುಮ್ನಿದ್ದು, ‘ಆ ಹುಡುಗ್ಯಾರ ಹೆಸರು ಏನಿತ್ತೋ ಏನೋ’ ಅಂದ್ಲು. ನಾ ಅಂದೆ, ‘ನಿನ್ನ ನೋಟಬುಕ್ಕಿನಾಗ ಹಾಳಿ ಕೆಳಗ ನಿನ್ನ ಹೆಸರು ಬರಿ. ಸ್ಕೋರ್ ಬರದಾಕಿ ಇಂಥಾಕಿ ಅಂತ. ಕೋಲಿನ ಜಗಳಾನೂ ಬರಿ, ಯಾರು ಬಗಿಹರಿಸಿದ್ರು ಅಂತನೂ ಬರಿ.’

ಬರೋ ರವಿವಾರ ಮತ್ತ ಮ್ಯಾಚ್ ಐತಿ. ಮುಂಜಾನಿ ಹುಡುಗರು ಬರೂಕಿಂತ ಮೊದಲು ಆಕಿ, ಆಕಿ ಗೆಳತ್ಯಾರು ನಾಕು ಮಂದಿ ಅದs ಹೊಲದಾಗ ಒಂದು ತಾಸು ಆಡತಾರಂತ. ನಾನೂ ಹೋಗತೀನಿ. ಮೊಣಕಾಲು ತಡಕೊಂಡ್ರ ಒಂದು ಬಾಲು ಹೊಡಿಯಾಕಿ, ಇಲ್ಲಾಂದ್ರ ಹ್ಯಾರಿಸನಂಗ ಒಂದು ಕುರ್ಚಿ ಒಯ್ಯಾಕಿ. ಯಾರ‍್ಯಾರು ಬರತೀರಿ ಹೇಳ್ರಿ, ಅವಲಕ್ಕಿ ಅಷ್ಟು ಹೆಚ್ಚಿಗಿ ಹಚ್ಚಬೇಕು.