ಮನೆ ಬಿಟ್ಟ ಮಕ್ಕಳು, ಮನೆಯಲ್ಲುಳಿದ ಹೆತ್ತವರು

ದೊಡ್ಡಬಳ್ಳಾಪುರ ತಾಲ್ಲೂಕಿನ ರಾಜಘಟ್ಟದಲ್ಲಿ 2001ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಪ್ರೊ. ಎಂ.ಎಸ್. ಕೃಷ್ಣಮೂರ್ತಿಯವರು ಉತ್ಖನನ ನಡೆಸಿದಾಗ ಬೌದ್ಧರ ಚೈತ್ಯ, ವಿಹಾರ ಹಾಗೂ ಮಣ್ಣಿನ ಪುಟ್ಟ ಸ್ತೂಪಗಳು ಬೆಳಕಿಗೆ ಬಂದವು. ವಿಹಾರವೆಂದರೆ ಮನೆ ಬಿಟ್ಟು ಬಂದ ಭಿಕ್ಷುಗಳು ಒಟ್ಟಾಗಿ ವಾಸಿಸುವ, ಗುರುವಿನ ಬಳಿ ಕಲಿಯುವ ತಾಣ. ಹಾಗೆ ಬಂದ ಪ್ರತಿಯೊಬ್ಬನ ಹಿಂದೆಯೂ ಒಂದು ಮನೆಯಿತ್ತು. ಆ ಮನೆಯವರ ಸಂಕಟವನ್ನು ಇತಿಹಾಸ ಮರೆತಿಲ್ಲ.

ಬೌದ್ಧರ ವಿನಯ ಪಿಟಕದಲ್ಲಿ ಅದಕ್ಕೆ ಸಾಕ್ಷಿಯಿದೆ. ಮೊದಲು ಸಿದ್ಧಾರ್ಥ, ಬಳಿಕ ನಂದ, ಕೊನೆಗೆ ಮೊಮ್ಮಗ ರಾಹುಲ ಹೀಗೆ ಒಬ್ಬೊಬ್ಬರಾಗಿ ಮನೆ ಬಿಟ್ಟಾಗ ಶುದ್ಧೋದನನು ಬುದ್ಧನ ಮುಂದೆ ತನ್ನ ದುಃಖ ತೋಡಿಕೊಂಡನು. ತಂದೆತಾಯಿಯ ಅನುಮತಿಯಿಲ್ಲದೆ ಯಾವ ಮಗನಿಗೂ ದೀಕ್ಷೆ ಕೊಡಬಾರದೆಂಬ ನಿಯಮ ಆಗ ಬಂತು. ಆದರೆ ಆ ನಿಯಮ ರಾಹುಲನನ್ನು ಹಿಂದಕ್ಕೆ ಕಳುಹಿಸಲಿಲ್ಲ.

1916ರಲ್ಲಿ ಮೈಸೂರು, 1964ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯಗಳು ಸ್ಥಾಪನೆಯಾದವು. ಹಳ್ಳಿಯ ಮಕ್ಕಳು ಟ್ರಂಕು ಹೊತ್ತು ಹಾಸ್ಟೆಲು ಸೇರಿದರು. ಊರಲ್ಲಿ ಹೆತ್ತವರು ಅಂಚೆಯಣ್ಣನ ದಾರಿ ಕಾಯುತ್ತಿದ್ದರು. ಕಾಗದ ಕೈಸೇರುವಷ್ಟರಲ್ಲಿ ಮಗನ ಜ್ವರ ಇಳಿದಿರುತ್ತಿತ್ತು, ಕೊಠಡಿಯ ಜಗಳ ಮುಗಿದಿರುತ್ತಿತ್ತು. ಆ ವಿಳಂಬವೇ ಅವನನ್ನು ಬೆಳೆಸುತ್ತಿತ್ತು.

ಇಂದು ಮೊಬೈಲು ಆ ಅಂತರವನ್ನು ಅಳಿಸಿದೆ. ಊಟವಾಯಿತೇ, ಎಲ್ಲಿದ್ದೀಯ, ಯಾರ ಜೊತೆ ಎಂದು ದಿನಕ್ಕೆ ನಾಲ್ಕು ಬಾರಿ ವಿಚಾರಿಸುವುದು ನಮಗೆ ಪ್ರೀತಿಯೆನಿಸುತ್ತದೆ. ಮೊದಲ ವರ್ಷದ ವಿದ್ಯಾರ್ಥಿಗೆ ಅದು ಕಾವಲೆನಿಸಬಹುದು. ಹೆಣ್ಣುಮಕ್ಕಳ ವಿಷಯದಲ್ಲಂತೂ ಬಹಳ ಮನೆಗಳು ಒಮ್ಮೆ ಕೊಟ್ಟ ಅನುಮತಿಯನ್ನು ಪ್ರತಿದಿನ ಸ್ವಲ್ಪ ಸ್ವಲ್ಪವಾಗಿ ಹಿಂದಕ್ಕೆ ಪಡೆಯುತ್ತಿರುತ್ತವೆ.

ಕೇಳದೆ ಹೊರಟಾಗ ನೋಯುವ ಹಕ್ಕು ಹೆತ್ತವರಿಗಿದೆ. ಒಪ್ಪಿ ಕಳುಹಿಸಿದ ಮೇಲೆ, ಮಕ್ಕಳು ತಾವಾಗಿ ಮಾತಾಡುವ ದಿನದವರೆಗೆ ಕಾಯುವ ತಾಳ್ಮೆಯೂ ನಮ್ಮಲ್ಲಿರಬೇಕು.